ಎಣ್ಣೆ, ಎಲೆ, ಸೂಜಿ ಮತ್ತು ಅಕ್ಕನ ಪುಡಿ

ಗಂಜ್‌ನಲ್ಲಿ ಮೊಣಕಾಲು ನೋವು ಅಂತ ಒಮ್ಮೆ ಬಾಯಿ ಬಿಟ್ಟರೆ ಸಾಕು, ಸುತ್ತ ಇರುವವರೆಲ್ಲ ಡಾಕ್ಟರಾಗುತ್ತಾರೆ. ನಾನು ಕಲಬುರಗಿಯ ನೆಹರು ಗಂಜ್‌ನಲ್ಲಿ ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಒಂದು ಅಡತಿ (ದಲಾಲಿ) ಅಂಗಡಿಯ ಮುನೀಮ, ಲೆಕ್ಕ ಬರೆಯುವವನು. ವಯಸ್ಸು 57. ಕಾಲೇಜು ಬಿಟ್ಟು ಬಂದು ಗಾದಿ ಮೇಲೆ ಕಾಲು ಮಡಚಿ ಕೂತವನು ಇನ್ನೂ ಎದ್ದಿಲ್ಲ ಅನ್ನಬಹುದು. ಡಿಸೆಂಬರ್‌ನಲ್ಲಿ ತೊಗರಿ ಬರೋಕೆ ಶುರುವಾದರೆ ಫೆಬ್ರುವರಿ ಮುಗಿಯುವವರೆಗೆ ಊಟಕ್ಕೆ ಮಾತ್ರ ಏಳುವುದು. ಬೆಳಿಗ್ಗೆ ಸೌದಾ, ಮಧ್ಯಾಹ್ನ ತೂಕ, ಸಂಜೆ ರೈತರಿಗೆ ಪಟ್ಟಿ ಬರೆದು ಹಣ ಕೊಡುವುದು. ಕಂಪ್ಯೂಟರ್ ಬಂದಿದೆ. ಆದರೆ ಅದನ್ನೂ ಸಾವ್ಕಾರ್ರು ಗಾದಿ ಮೇಲೇ ಒಂದು ಮಣೆ ಹಾಕಿ ಇಡಿಸಿದ್ದಾರೆ.

ಕೂತಿರುವಾಗ ಏನೂ ಇಲ್ಲ. ಏಳುವಾಗ ಗೊತ್ತಾಗುತ್ತದೆ. ಬಲ ಮೊಣಕಾಲಿನ ಒಳಮಗ್ಗುಲಲ್ಲಿ ಹಿಡಿದುಕೊಂಡು, ಮೊದಲ ಕೆಲವು ಹೆಜ್ಜೆ ಗೋಡೆ ಆಸರೆಯಲ್ಲೇ ಇಡಬೇಕು. ಮೆಟ್ಟಿಲು ಹತ್ತುವಾಗ ಹೇಗೋ ಆಗುತ್ತದೆ, ಇಳಿಯುವಾಗ ಜೀವ ಹೋಗುತ್ತದೆ. 'ಗ್ರೀಸ್ ಮುಗದದ ಮುನೀಮ್‌ರೆ' ಅಂತ ನಮ್ಮ ಹಮಾಲ ತೀರ್ಪು ಕೊಟ್ಟ. ನನಗಿಂತ ದೊಡ್ಡವನು. ತೊಗರಿ ಚೀಲ ಬೆನ್ನ ಮೇಲೆ ಇಟ್ಟುಕೊಂಡೇ ಈ ಮಾತು ಹೇಳಿದ.

ಮೊದಲು ಹೋಗಿದ್ದು ಎಲುಬಿನ ಡಾಕ್ಟರ ಹತ್ತಿರವೇ. ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ಮಲಗಿಸಿ ತೆಗೆದರೆ ಮೈಭಾರ ಬೀಳುವುದಿಲ್ಲ, ಸಂದಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ ಅಂತೆ. ಎರಡು ಎಲುಬಿನ ನಡುವೆ ಒಳಮಗ್ಗುಲಲ್ಲಿ ಜಾಗ ಕಡಿಮೆಯಾಗಿತ್ತು. ಆಸ್ಟಿಯೋ ಆರ್ಥ್ರೈಟಿಸ್, ಅಂದರೆ ಕೀಲಿನ ಸವೆತ. ಆಪರೇಷನ್ ಸದ್ಯಕ್ಕೆ ಬೇಡ ಅಂದರು. ನನಗೆ ಬಿಪಿ ಇರುವುದರಿಂದ ನೋವಿನ ಮಾತ್ರೆ ದಿನಾ ನುಂಗುವ ಹಾಗಿಲ್ಲ, ಕಿಡ್ನಿಗೂ ಪೆಟ್ಟು. ತೊಡೆಯ ಸ್ನಾಯು ಗಟ್ಟಿ ಮಾಡಿ, ತೂಕ ಇಳಿಸಿ, ನೆಲದ ಮೇಲೆ ಕೂರೋದು ಬಿಡಿ ಅಂದರು. ಒಂದು ಕಿಲೋ ಇಳಿದರೆ ನಡೆಯುವಾಗ ಮೊಣಕಾಲಿನ ಮೇಲೆ ಬೀಳುವ ಭಾರ ನಾಲ್ಕು ಕಿಲೋ ಇಳಿಯುತ್ತದಂತೆ. ಲೆಕ್ಕ ನನಗೆ ಹಿಡಿಸಿತು. ಕೆಲಸ ಹಿಡಿಸಲಿಲ್ಲ. ಸೀಸನ್‌ನಲ್ಲಿ ಯಾರಿಗೆ ಪುರುಸೊತ್ತಿರುತ್ತದೆ? ಬೇರೆಯವರು ಮಾಡಿ, ನಾವು ಸುಮ್ನೆ ಮಲಗಿ ಮಾಡಿಸಿಕೊಳ್ಳುವ ಇಲಾಜು ಇದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ, ಅಲ್ವಾ?

ಮನೆಯಲ್ಲಿ ನನ್ನ ಹೆಂಡತಿಯ ಇಲಾಜು ಮೊದಲೇ ಶುರುವಾಗಿತ್ತು. ಎಕ್ಕಿ ಎಲೆಗೆ ಔಡಲ ಎಣ್ಣೆ ಸವರಿ, ಹಂಚಿನ ಮೇಲೆ ಬಿಸಿ ಮಾಡಿ, ರಾತ್ರಿ ಮೊಣಕಾಲಿಗೆ ಬಟ್ಟೆಯಲ್ಲಿ ಕಟ್ಟುವುದು. ಲಕ್ಕಿ ಎಲೆ ಕುದಿಸಿದ ನೀರಿನ ಕಾವು ಬೇರೆ. ಬಿಸಿ ಇರುವಷ್ಟು ಹೊತ್ತು ಹಿತ, ನಿದ್ದೆಯೂ ಬರುತ್ತದೆ. ಎಕ್ಕಿ ಹಾಲಿನ ಬಗ್ಗೆ ಮಾತ್ರ ಹುಷಾರಾಗಿರಬೇಕು. ಎಲೆ ಕಿತ್ತ ಕೈ ಕಣ್ಣಿಗೆ ತಾಗಿದರೆ ಮೊಣಕಾಲು ಮರೆತು ಕಣ್ಣಿನ ಡಾಕ್ಟರ ಹತ್ತಿರ ಓಡಬೇಕಾಗುತ್ತದೆ. ತಾಮ್ರದ ಬಳೆ, ಆಯಸ್ಕಾಂತದ ಪಟ್ಟಿ ಇವನ್ನೂ ಯಾರೋ ತಂದುಕೊಟ್ಟರು. ಬಳೆ ಕೈ ಹಸಿರು ಮಾಡಿತು. ಪಟ್ಟಿ ಬೇಸಿಗೆಯಲ್ಲಿ ಬೆವರು ಬರಿಸಿತು. ಅವುಗಳ ಬಗ್ಗೆ ಇಷ್ಟು ಸಾಕು.

ದರ್ಗಾ ಕಡೆ ಒಬ್ಬರು ಹಕೀಮರಿದ್ದಾರೆ. ನಮ್ಮ ಅಂಗಡಿಗೆ ಬರುವ ವ್ಯಾಪಾರಿಯೊಬ್ಬರು ಕರೆದುಕೊಂಡು ಹೋದರು. ನಬ್ಜ್, ಅಂದರೆ ನಾಡಿ, ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. ಆಮೇಲೆ ಹಚ್ಚೋಕೆ ರೋಗನ್ ಸುರ್ಖ್ ಅನ್ನೋ ಕೆಂಪೆಣ್ಣೆ, ತಿನ್ನೋಕೆ ಸುರಂಜಾನ್ ಮಜೂನ್ ಅನ್ನೋ ಲೇಹ ಬರೆದುಕೊಟ್ಟರು. ಹೊಟ್ಟೆ ಕೆಟ್ಟರೆ ತಕ್ಷಣ ನಿಲ್ಲಿಸಿ ಅಂತ ಎರಡೆರಡು ಸಲ ಹೇಳಿದರು. ಆಮೇಲೆ ತಿಳಿಯಿತು, ಯೂರಿಕ್ ಆಸಿಡ್ ಹೆಚ್ಚಾಗಿ ಕೀಲು ಹಿಡಿಯುವ ಗೌಟ್ ಕಾಯಿಲೆಗೆ ಅಲೋಪತಿಯಲ್ಲಿ ಕೊಡುವ ಕಾಲ್ಚಿಸಿನ್ ಮಾತ್ರೆಯೂ ಈ ಸುರಂಜಾನ್ ಜಾತಿಯ ಗಿಡದಿಂದಲೇ ಬಂದದ್ದು, ಪ್ರಮಾಣ ಮೀರಿದರೆ ಭೇದಿ ಹಿಡಿಯುತ್ತದೆ. ನನಗೆ ಗೌಟ್ ಇಲ್ಲ. ಯೂರಿಕ್ ಆಸಿಡ್ ನೋಡಿಸಿದ್ದೆ, ಸರಿಯಾಗೇ ಇತ್ತು. ಮಜೂನ್‌ನಿಂದ ನನಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಎಣ್ಣೆ ಚೆನ್ನಾಗಿತ್ತು.

ಅಲ್ಲೇ ಹಿಜಾಮಾ, ಅಂದರೆ ಬಟ್ಟಲು ಇಟ್ಟು ರಕ್ತ ತೆಗೆಯುವುದು, ಕೂಡ ಮಾಡುತ್ತಾರೆ. ಚಾಂದ್ರಮಾನ ತಿಂಗಳ 17, 19, 21ನೇ ತಾರೀಖಿಗೆ ಸಾಲು ಹಚ್ಚಿರುತ್ತಾರೆ. ಮೊಣಕಾಲಿನ ಪಕ್ಕ ಪ್ಲಾಸ್ಟಿಕ್ ಬಟ್ಟಲು ಇಟ್ಟು, ಪಂಪಿನಲ್ಲಿ ಗಾಳಿ ಎಳೆದು, ಚರ್ಮ ಉಬ್ಬಿದ ಮೇಲೆ ಬ್ಲೇಡಿನಿಂದ ಗೀರಿ, ಮತ್ತೆ ಬಟ್ಟಲು ಇಡುತ್ತಾರೆ. ಬ್ಲೇಡು, ಬಟ್ಟಲು ಎರಡೂ ನನ್ನ ಮುಂದೆಯೇ ಹೊಸ ಪ್ಯಾಕ್‌ನಿಂದ ತೆಗೆದರು. ಅದನ್ನು ನೋಡಿಯೇ ನಾನು ಕಾಲು ಚಾಚಿದ್ದು. ಆ ಸಂಜೆ ಹಗುರ ಅನ್ನಿಸಿತು. ಮಾರನೆಯ ದಿನ ಗಾದಿ ಮೇಲೆ ಕೂತು ಎದ್ದಾಗ ಎಲ್ಲ ಮೊದಲಿನ ಹಾಗೇ.

ಆಯುರ್ವೇದ ಕಾಲೇಜಿನ ಆಸ್ಪತ್ರೆಯಲ್ಲಿ ಜಾನುಬಸ್ತಿ ಮಾಡಿಸಿಕೊಂಡೆ. ಉದ್ದಿನ ಹಿಟ್ಟು ಗಟ್ಟಿಯಾಗಿ ನಾದಿ ಮೊಣಕಾಲಿನ ಸುತ್ತ ಕಟ್ಟೆ ಕಟ್ಟುತ್ತಾರೆ. ಎಣ್ಣೆ ಸೋರದಂತೆ ಅಂಚನ್ನು ಬೆರಳಿನಿಂದ ಒತ್ತಿ ಕೂರಿಸುತ್ತಾರೆ. ಆಮೇಲೆ ಉಗುರುಬೆಚ್ಚಗಿನ ಎಣ್ಣೆ ಒಳಗೆ ಬಿಡುತ್ತಾರೆ. ಆರಿತು ಅನ್ನುವಷ್ಟರಲ್ಲಿ ಹತ್ತಿಯಲ್ಲಿ ಅದ್ದಿ ಹಿಂಡಿ ತೆಗೆದು ಬಿಸಿಯದ್ದು ಹಾಕುತ್ತಾರೆ. ಅರ್ಧ ತಾಸು ಹೀಗೆ. ಇದು ನಿಜಕ್ಕೂ ಸುಖದ ಇಲಾಜು, ಸುಳ್ಳು ಹೇಳಬಾರದು. ಚಳಿಗಾಲದಲ್ಲಿ ಮಾಡಿಸಿಕೊಂಡಷ್ಟು ದಿನ ಬೆಳಗಿನ ಬಿಗಿತ ಕಡಿಮೆ ಇತ್ತು. ಮನೆಯಲ್ಲಿ ವರ್ಣನೆ ಮಾಡಿದರೆ ನನ್ನ ಹೆಂಡತಿ, 'ಅಷ್ಟು ಹಿಟ್ಟಿನಾಗ ಒಂದು ಬುಟ್ಟಿ ವಡಿ ಆಗ್ತಿದ್ದವಲ್ರೀ' ಅಂದಳು. ಕಷ್ಟ ಏನಂದರೆ ಅದಕ್ಕೆ ದಿನಾ ಹೋಗಬೇಕು. ಜನವರಿಯಲ್ಲಿ ಗಂಜ್ ಬಿಟ್ಟು ದಿನಾ ಹೋಗೋದು ಎಲ್ಲಿಂದ? ಅಷ್ಟಕ್ಕೇ ನಿಂತಿತು.

ಸೂಜಿ ಚುಚ್ಚಿ ಮಾಡುವ ಅಕ್ಯುಪಂಕ್ಚರ್ ವಿಷಯ ಹೇಳಿದ್ದು ನಮ್ಮ ಲೆಕ್ಕ ಪರಿಶೋಧಕರು. ಅವರಿಗೆ ಸೊಂಟನೋವು. ಕ್ಲಿನಿಕ್ ಇರುವುದು ಮೊದಲನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೊಣಕಾಲು ನೋವಿನವರು ಬರುವ ಜಾಗಕ್ಕೆ ಇಷ್ಟು ಮೆಟ್ಟಿಲು ಯಾಕೆ ಅಂತ ಕಠಡಾ ಹಿಡಿದು ಹತ್ತುತ್ತಾ ಬೈದುಕೊಂಡೆ. ಒಳಗಿದ್ದವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಉಜಿರೆಯಲ್ಲಿ ಬಿಎನ್‌ವೈಎಸ್ ಓದಿದವರು. ಪ್ರಕೃತಿ ಚಿಕಿತ್ಸೆ, ಯೋಗದ ಐದೂವರೆ ವರ್ಷದ ಡಿಗ್ರಿ, ಅದರಲ್ಲೇ ಅಕ್ಯುಪಂಕ್ಚರ್ ಕೂಡ ಕಲಿಸುತ್ತಾರೆ. ಊರು ನಮ್ಮ ಕಡೆಯದೇ, ಹಾಗಾಗಿ ಮಾತಿಗೆ ತೊಂದರೆ ಇರಲಿಲ್ಲ.

ಗೋಡೆಯ ಮೇಲೆ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಫೋಟೋ ಇತ್ತು. ಕೋಟ್ನಿಸ್ ಸೋಲಾಪುರದವರು, ನಮ್ಮಿಂದ ರೈಲಿನಲ್ಲಿ ಎರಡು ತಾಸಿನ ಹಾದಿ. 1938ರಲ್ಲಿ ಯುದ್ಧದ ನಡುವೆ ಚೀನಾಕ್ಕೆ ಹೋದ ಐವರು ಭಾರತೀಯ ಡಾಕ್ಟರ ತಂಡದಲ್ಲಿದ್ದವರು, 1942ರಲ್ಲಿ ಅಲ್ಲೇ ತೀರಿಕೊಂಡರು. ಅಕ್ಯುಪಂಕ್ಚರ್ ತಂದವರು ಇವರೇ ಏನು ಅಂತ ಕೇಳಿದೆ. 'ಇಲ್ಲ ಕಾಕಾ, ಇವರು ಸರ್ಜನ್. ಅದೇ ತಂಡದಾಗ ಬಸು ಅಂತ ಇದ್ರು. ಅವರು ಆಮ್ಯಾಲ ಮತ್ತ ಚೀನಾಕ್ಕ ಹೋಗಿ ಕಲ್ತು ಬಂದು ಕಲ್ಕತ್ತಾದಾಗ ಶುರು ಮಾಡಿದ್ರು' ಅಂದರು. ಡಾ. ಬಿಜಯ್ ಕುಮಾರ್ ಬಸು ಅದನ್ನು ಕಲಿತಿದ್ದು 1950ರ ದಶಕದ ಕೊನೆಯಲ್ಲಿ. ನಮ್ಮ ಕೇಂದ್ರ ಸರ್ಕಾರ ಅಕ್ಯುಪಂಕ್ಚರ್‌ಗೆ ಪ್ರತ್ಯೇಕ ಪದ್ಧತಿ ಅಂತ ಮಾನ್ಯತೆ ಕೊಟ್ಟಿದ್ದು 2019ರಲ್ಲಿ. ಗೋಡೆ ಮೇಲಿನ ಫೋಟೋ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರಲ್ಲ, ನನಗೆ ಅಲ್ಲೇ ಸ್ವಲ್ಪ ನಂಬಿಕೆ ಬಂತು.

ಸೂಜಿಗೆ ಮೊದಲು ಪ್ರಶ್ನೆಗಳು. ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ? ಎದೆಯಲ್ಲಿ ಪೇಸ್‌ಮೇಕರ್ ಇದೆಯಾ? ಶುಗರ್ ಇದೆಯಾ? ಊಟ ಮಾಡಿದ್ದೀರಾ? ಕೊನೆಯ ಪ್ರಶ್ನೆ ಯಾಕೆ ಅಂತ ಆಗ ತಿಳಿಯಲಿಲ್ಲ. ಆಮೇಲೆ ಶ್ರಾವಣ ಸೋಮವಾರ ಒಂದು ದಿನ ಉಪವಾಸದಲ್ಲೇ ಹೋಗಿದ್ದೆ, ಸೂಜಿ ಮುಟ್ಟಲೇ ಇಲ್ಲ. ಖಾಲಿ ಹೊಟ್ಟೆಯಲ್ಲಿ ಚುಚ್ಚಿಸಿಕೊಂಡು ತಲೆ ತಿರುಗಿ ಬಿದ್ದವರಿದ್ದಾರಂತೆ. ಎರಡು ಬಾಳೆಹಣ್ಣು ತಿನ್ನಿಸಿ, ಅರ್ಧ ತಾಸು ಹೊರಗೆ ಕೂರಿಸಿ ಆಮೇಲೆ ಒಳಗೆ ಕರೆದರು. ದೇವರಿಗೆ ನಾನೇ ಲೆಕ್ಕ ಒಪ್ಪಿಸಿಕೊಳ್ಳಬೇಕಾಯಿತು.

ಸೂಜಿ ಅಂದರೆ ನಾನು ಇಂಜೆಕ್ಷನ್ ಸೂಜಿ ಅಂದುಕೊಂಡಿದ್ದೆ. ಇದು 0.25 ಮಿಲಿಮೀಟರ್ ದಪ್ಪ, ಒಳಗೆ ತೂತಿಲ್ಲ, ಬಗ್ಗಿಸಿದರೆ ಬಾಗುತ್ತದೆ. ಒಂದೊಂದೂ ಬೇರೆ ಕಾಗದದಲ್ಲಿ ಸೀಲ್ ಆಗಿರುತ್ತದೆ, ಒಮ್ಮೆ ಬಳಸಿ ಬಿಸಾಡುವುದು. ಎಲ್ಲಿ ಚುಚ್ಚಬೇಕು ಅನ್ನೋದನ್ನು ನನ್ನದೇ ಬೆರಳಿನ ಅಳತೆಯಲ್ಲಿ ಹುಡುಕಿದರು. ಮೊಣಕಾಲು ಚಿಪ್ಪಿನ ಕೆಳಗೆ ಎರಡು ಕಡೆ ಇರುವ ತಗ್ಗಿನಲ್ಲಿ ಒಂದೊಂದು. ಅಲ್ಲಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲ ಎಲುಬಿನ ಹೊರಮಗ್ಗುಲಿಗೆ ಒಂದು, ಒಳಮಗ್ಗುಲಿಗೆ ಒಂದು, ತೊಡೆಯಲ್ಲಿ ಒಂದು. ಸಣ್ಣ ಪ್ಲಾಸ್ಟಿಕ್ ಕೊಳವೆ ಚರ್ಮದ ಮೇಲಿಟ್ಟು ಸೂಜಿಯ ತಲೆಗೆ ಬೆರಳಿನಿಂದ ಟಕ್ ಅಂತ ತಟ್ಟುತ್ತಾರೆ. ಒಳಗೆ ಹೋಗಿದ್ದು ಗೊತ್ತಾಗುವುದಿಲ್ಲ. ಆಮೇಲೆ ಸೂಜಿಯನ್ನು ತಿರುಗಿಸಿ ಒಳಗೆ ಇಳಿಸುವಾಗ ನಾಲ್ಕು ಬೆರಳಿನ ಕೆಳಗಿನ ಆ ಜಾಗದಲ್ಲಿ ಒಂದು ಥರಾ ಆಯಿತು. ನೋವಲ್ಲ. ಭಾರ, ಜೋಮು, ಹಿಮ್ಮಡಿವರೆಗೆ ಇಳಿದ ಹಾಗೆ. 'ಏನರ ಆತೇನ್ರಿ?' ಅಂತ ಕೇಳಿದರು. ಹೇಳಿದೆ. 'ಹಾ, ಅದೇ ಬೇಕಾಗಿತ್ತು' ಅಂದರು.

ಎರಡು ಸೂಜಿಗೆ ಕ್ಲಿಪ್ ಹಚ್ಚಿ ಸಣ್ಣ ಪೆಟ್ಟಿಗೆಯಿಂದ ಕರೆಂಟ್ ಬಿಟ್ಟರು. ತೊಡೆಯ ಮಾಂಸ ತಾನೇ ಕುಣಿಯೋಕೆ ಶುರು ಮಾಡಿತು. ನನ್ನ ಕಾಲು ನನ್ನ ಮಾತು ಕೇಳದೆ ಟಕಟಕ ಅನ್ನುವುದನ್ನು ನೋಡುತ್ತಾ ಮಲಗಿದ್ದೆ. ಕೆಲವು ದಿನ ಕರೆಂಟ್ ಬದಲು ಮಾಚಿಪತ್ರೆ ಜಾತಿಯ ಒಣ ಎಲೆಯ ಕಡ್ಡಿ ಹೊತ್ತಿಸಿ ಚರ್ಮದಿಂದ ದೂರ ಹಿಡಿದು ಕಾವು ಕೊಡುತ್ತಿದ್ದರು. ಅದರ ವಾಸನೆ ಅಂಗಿಗೆ ಹತ್ತಿ, ಅಂಗಡಿಗೆ ಹೋದರೆ ಸಾವ್ಕಾರ್ರು ಒಮ್ಮೆ ಅನುಮಾನದಿಂದ ನೋಡಿದರು. ಇಪ್ಪತ್ತು–ಇಪ್ಪತ್ತೈದು ನಿಮಿಷದ ಮೇಲೆ ಸೂಜಿ ತೆಗೆಯುತ್ತಿದ್ದರು. ತೆಗೆಯುವಾಗ ಗಟ್ಟಿಯಾಗಿ ಎಣಿಸುತ್ತಿದ್ದರು. ಹಾಕಿದ್ದೆಷ್ಟೋ ತೆಗೆದದ್ದೂ ಅಷ್ಟೇ ಇರಬೇಕು. ಲೆಕ್ಕದವನಿಗೆ ಇದಕ್ಕಿಂತ ಸಮಾಧಾನ ಬೇರೆ ಬೇಕಾ? ಒಂದೆರಡು ಸಲ ಚುಚ್ಚಿದ ಜಾಗದಲ್ಲಿ ಹನಿ ರಕ್ತ ಬಂದು ನೀಲಿಗಟ್ಟಿತು, ಅಷ್ಟೇ. ಒಂದು ಸಿಟ್ಟಿಂಗ್‌ಗೆ 400 ರೂಪಾಯಿ.

ಮೊದಲ ದಿನವೇ ಅವರು ಹೇಳಿದ್ದು, 'ಸವೆದದ್ದು ತಿರುಗಿ ಬರಂಗಿಲ್ಲ ಕಾಕಾ. ನೋವು ಕಡಿಮಿ ಆದ್ರ ಆ ಟೈಮ್‌ನಾಗ ನೀವು ಕಾಲಿನ ವ್ಯಾಯಾಮ ಮಾಡ್ಬೇಕು. ಸುಮ್ನ ಸೂಜಿ ಹಾಕಿಸ್ಕೊಂಡು ಹೋಗಿ ಗಾದಿ ಮ್ಯಾಲ ಕೂತ್ರ ನನ್ನ ಕೆಲಸ, ನಿಮ್ಮ ರೊಕ್ಕ ಎರಡೂ ದಂಡ.' ಎಲುಬಿನ ಡಾಕ್ಟರು ಹೇಳಿದ್ದೂ ಇದೇ. ಆದರೆ ಅವರು ಐದು ನಿಮಿಷದಲ್ಲಿ ಹೇಳಿ ಮುಂದಿನವರನ್ನು ಕರೆದಿದ್ದರು. ಇವರು ಸೂಜಿ ಹಾಕಿ ಪಕ್ಕದಲ್ಲಿ ನಿಂತು, ಪ್ರತಿ ಸಲ ಕೇಳುತ್ತಿದ್ದರು: 'ವ್ಯಾಯಾಮ ಮಾಡಿದ್ರಿ?' ಸೂಜಿ ಹಾಕಿರುವಾಗ ಸುಳ್ಳು ಹೇಳೋಕೆ ಧೈರ್ಯ ಬರುವುದಿಲ್ಲ.

ನನ್ನ ಖಾತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ನೋವಿಗೆ ಹತ್ತಕ್ಕೆ ಎಷ್ಟು ಅಂತ ದಿನಾ ಒಂದು ಅಂಕಿ ಬರೆದಿಡುತ್ತಿದ್ದೆ. ಕೆಲವು ವಾರಗಳಲ್ಲಿ ಆರು, ಏಳು ಇದ್ದದ್ದು ನಾಲ್ಕಕ್ಕೆ ಇಳಿಯಿತು. ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗುವುದು ನಿಂತಿತು. ಮೆಟ್ಟಿಲು ಇಳಿಯುವ ನೋವು ಮಾತ್ರ ಇದ್ದ ಹಾಗೇ ಇತ್ತು. ಆದರೆ ಆ ಹೊತ್ತಿಗೆ ಅಂಗಡಿಯಲ್ಲಿ ಆವಕ ಇಲ್ಲದ ದಿನಗಳು, ಕೂರುವುದೇ ಕಡಿಮೆ. ವ್ಯಾಯಾಮವೂ ಶುರುವಾಗಿತ್ತು. ಯಾವುದರ ಜಮಾ ಯಾವ ಖಾತೆಗೆ ಹಾಕೋದು?

ಇದನ್ನು ತಂಗಿಯ ಮಗಳ ಮುಂದೆ ಹೇಳಿದೆ. ಅವಳು ಫಿಸಿಯೋಥೆರಪಿ ಓದುತ್ತಿದ್ದಾಳೆ. 'ಮಾಮಾ, ಇದನ್ನ ಪರೀಕ್ಷೆ ಮಾಡಿ ನೋಡ್ಯಾರ' ಅಂತ ಕೂತು ವಿವರಿಸಿದಳು. ಒಂದು ಗುಂಪಿಗೆ ನಿಜವಾದ ಸೂಜಿ, ಇನ್ನೊಂದು ಗುಂಪಿಗೆ ಚುಚ್ಚಿದ ಹಾಗೆ ಮಾಡಿ ಸರಿಯಾಗಿ ಚುಚ್ಚದ ಸೂಜಿ. ಎರಡೂ ಗುಂಪಿನವರಿಗೆ ನೋವು ಕಡಿಮೆಯಾಗುತ್ತದೆ. ನಿಜವಾದ ಸೂಜಿಯಿಂದ ಸ್ವಲ್ಪ ಹೆಚ್ಚು ಗುಣ ಕಾಣುತ್ತದೆ ಅಂತ ಕೆಲವು ಪರೀಕ್ಷೆ, ಏನೂ ವ್ಯತ್ಯಾಸ ಇಲ್ಲ ಅಂತ ಕೆಲವು. 50 ದಾಟಿದವರ ಮೊಣಕಾಲು ನೋವಿನ ಮೇಲೆ ಆಸ್ಟ್ರೇಲಿಯಾದಲ್ಲಿ ಮಾಡಿ 2014ರಲ್ಲಿ ಪ್ರಕಟವಾದ ಪರೀಕ್ಷೆ ವ್ಯತ್ಯಾಸ ಇಲ್ಲ ಅನ್ನುವ ಜಾತಿಯದು. ಅಮೆರಿಕದ ಕೀಲು ವೈದ್ಯರ ಸಂಘ 2019ರಲ್ಲಿ, ಮೊಣಕಾಲು ಸವೆತಕ್ಕೆ ಬೇಕಾದರೆ ಮಾಡಿಸಿಕೊಳ್ಳಬಹುದು ಅಂತ ಷರತ್ತು ಹಾಕಿ ಹೇಳಿತು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2022ರಲ್ಲಿ, ಸವೆತಕ್ಕೆ ಇದನ್ನು ಕೊಡಬೇಡಿ ಅಂದಿತು. ದೊಡ್ಡವರೇ ಜಗಳದಲ್ಲಿದ್ದಾರೆ. ನನ್ನ ಮಟ್ಟಿಗೆ ಆ 400 ರೂಪಾಯಿಯಲ್ಲಿ ಒಂದಷ್ಟು ಸೂಜಿಯದ್ದು, ಒಂದಷ್ಟು ಅರ್ಧ ತಾಸು ಮೊಬೈಲ್ ಇಲ್ಲದೆ ಮಲಗಿದ್ದರದ್ದು, ಬಾಕಿ ಆ ಮೇಡಂ ಬೈಗುಳದ್ದು.

ಇಷ್ಟಾಗುವಾಗ ಜೇವರ್ಗಿ ಕಡೆಯ ಹಳ್ಳಿಯಿಂದ ಅಕ್ಕ ಬಂದಳು. ಕುಂಟುತ್ತಿದ್ದವಳು ಸರಸರ ನಡೆದು ಒಳಗೆ ಬಂದಳು. 'ತಮ್ಮಾ, ಸೂಜಿ ಗೀಜಿ ಎಲ್ಲಾ ಬಿಡು. ಈ ಪುಡಿ ತಗೋ. ಮೂರು ದಿನದಾಗ ಓಡಾಡ್ತಿ ನೋಡು' ಅಂತ ಸೆರಗಿನ ಗಂಟಿನಿಂದ ಪೊಟ್ಟಣ ತೆಗೆದಳು. ಕನ್ನಡ ಪೇಪರಿನ ತುಂಡಿನಲ್ಲಿ ಮಡಚಿದ ಬೂದುಬಣ್ಣದ ಪುಡಿ. ಸಂತೆಯ ದಿನ ಡೇರೆ ಹಾಕುವವನೊಬ್ಬ ಕೊಟ್ಟದ್ದು. ಇದರೊಳಗೆ ಏನದ ಅಂತ ಕೇಳಿದರೆ 'ಜಡಿಬೂಟಿ' ಅಂದಳು. ಯಾವ ಜಡಿಬೂಟಿ? 'ಅಂವಾ ಹೇಳಂಗಿಲ್ಲಪ್ಪ, ಅವರ ಮನೆತನದ ವಿದ್ಯಾ.'

ಹಕೀಮರು ಸುರಂಜಾನ್ ಅಂತ ಹೆಸರು ಹೇಳಿದ್ದರು. ಆಯುರ್ವೇದದವರು ಎಣ್ಣೆಯ ಬಾಟಲಿ ತೋರಿಸಿದ್ದರು. ಸೂಜಿಯ ಪ್ಯಾಕೆಟ್ ಮೇಲೆ ತಾರೀಖೂ ಇತ್ತು. ಪಟ್ಟಿ ಇಲ್ಲದ ಮಾಲನ್ನು ನಾನು ಗೋದಾಮಿನೊಳಗೇ ಬಿಟ್ಟುಕೊಳ್ಳುವುದಿಲ್ಲ, ಇನ್ನು ಹೊಟ್ಟೆಯೊಳಗೆ ಹೇಗೆ ಬಿಡೋದು? ಪೊಟ್ಟಣ ತೆಗೆದಿಟ್ಟು ಅಕ್ಕನನ್ನು ನೋಡಿದೆ. ಮುಖ ತುಂಬಿಕೊಂಡಿತ್ತು. ಕೆನ್ನೆ ಉಬ್ಬಿ ಕಣ್ಣು ಸಣ್ಣಗಾಗಿದ್ದವು. ಮೈ ಬಂದಿದೆ ಅಂತ ಮನೆಯವರೆಲ್ಲ ಖುಷಿಪಟ್ಟಿದ್ದರು. ಮುಂಗೈ ಮೇಲೆ ಅಲ್ಲಲ್ಲಿ ನೀಲಿ ಕಲೆ. ಹಸಿವು ಜಾಸ್ತಿ, ರಾತ್ರಿ ನಿದ್ದೆ ಇಲ್ಲ, ಪದೇ ಪದೇ ನೀರು ಕುಡಿಯುತ್ತಿದ್ದಳು.

ಮಾರನೆಯ ದಿನ ಫಿಜಿಶಿಯನ್ ಹತ್ತಿರ ಕರೆದುಕೊಂಡು ಹೋದೆ. ಪೊಟ್ಟಣವನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ಬಿಚ್ಚಲೇ ಇಲ್ಲ, ಅಕ್ಕನ ಮುಖ ನೋಡಿದರು. 'ಎಷ್ಟು ತಿಂಗಳಿಂದ?' ಅಂದರು. ಶುಗರ್ 280ರ ಮೇಲೆ. ಮೈ ತಾನೇ ತಯಾರಿಸುವ ಸ್ಟೀರಾಯ್ಡ್ ಆದ ಕಾರ್ಟಿಸೋಲ್ ಬೆಳಗಿನ ಪರೀಕ್ಷೆಯಲ್ಲಿ ತೀರಾ ಕಡಿಮೆ ಬಂತು. ಹೊರಗಿನಿಂದ ಸ್ಟೀರಾಯ್ಡ್ ದಿನಾ ಬರುತ್ತಿದ್ದರೆ ಮೈ ತನ್ನದನ್ನು ತಯಾರಿಸುವುದೇ ಬಿಡುತ್ತದೆ, ಅದಕ್ಕೇ ಹೀಗೆ ಅಂದರು. ಇಂಥ ಪುಡಿಗಳಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಅರೆದು ಬೆರೆಸುವುದು ಹಳೇ ಧಂಧೆಯಂತೆ. ಮೂರು ದಿನದಲ್ಲಿ ಓಡಾಡಿಸುವುದು ಅದೇ.

ಹಾಗಾದರೆ ಇವತ್ತೇ ನಿಲ್ಲಿಸುತ್ತೇವೆ ಅಂದೆ. ಡಾಕ್ಟರು ಕೈ ಅಡ್ಡ ಹಿಡಿದರು. ತಿಂಗಳುಗಟ್ಟಲೆ ತಿಂದದ್ದನ್ನು ಒಮ್ಮೆಲೇ ಬಿಟ್ಟರೆ ಬಿಪಿ ಕುಸಿಯುತ್ತದೆ, ವಾಂತಿ, ಸುಸ್ತು, ಜೀವಕ್ಕೇ ಬರಬಹುದು. ಪುಡಿ ಬಿಡಿಸಿ, ಅಳತೆ ಗೊತ್ತಿರುವ ಮಾತ್ರೆ ಕೊಟ್ಟು, ನಿಧಾನವಾಗಿ ಇಳಿಸುತ್ತಾ ಬಂದರು. ಇದನ್ನು ಯಾರ ಮನೆಯಲ್ಲಾದರೂ ಇಂಥ ಪುಡಿ ತಿನ್ನುವವರಿದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಪೊಟ್ಟಣ ಕಿತ್ತು ಬಿಸಾಡಬೇಡಿ. ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಇನ್ನೊಂದು ಸಂಗತಿ ಆಗಲೇ ಹೊರಬಿದ್ದಿತು. ಅಕ್ಕನದು ನನ್ನ ಥರದ ಸವೆತವೇ ಅಲ್ಲ. ಅವಳಿಗೆ ಎರಡೂ ಕೈಯ ಬೆರಳಿನ ಗಂಟು ಊದುತ್ತಿದ್ದವು. ಬೆಳಿಗ್ಗೆ ಎದ್ದು ಒಂದು ತಾಸಿನ ಮೇಲಾದರೂ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ, ರೊಟ್ಟಿ ಬಡಿಯುವುದು ಸೊಸೆಯ ಪಾಲಿಗೆ ಬಿದ್ದಿತ್ತು. ನನಗೆ ಬೆಳಗಿನ ಬಿಗಿತ ಹತ್ತು ನಿಮಿಷಕ್ಕೆ ಬಿಡುತ್ತದೆ. ರಕ್ತ ಪರೀಕ್ಷೆಯಲ್ಲಿ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಎರಡೂ ಪಾಸಿಟಿವ್. ರುಮಟಾಯ್ಡ್ ಆರ್ಥ್ರೈಟಿಸ್. ಮೈಯ ಕಾವಲು ಶಕ್ತಿಯೇ ಕೀಲಿನ ಮೇಲೆ ತಿರುಗಿ ಬೀಳುವ ಕಾಯಿಲೆ. ಇದಕ್ಕೆ ಬೇಗ ಸರಿಯಾದ ಔಷಧ ಶುರು ಮಾಡದಿದ್ದರೆ ಬೆರಳು ಸೊಟ್ಟಗಾಗುತ್ತವೆ. ಪುಡಿ ನೋವನ್ನು ಮುಚ್ಚಿಟ್ಟು ಆ ಸಮಯವನ್ನೂ ತಿಂದಿತ್ತು. ಊರಲ್ಲಿ ಮಾತ್ರ ಅವಳದ್ದೂ 'ಕೀಲುನೋವು', ನನ್ನದೂ 'ಕೀಲುನೋವು'. ಯಾರು ಯಾರಿಗೆ ಬೇಕಾದರೂ ಔಷಧ ಹೇಳುತ್ತಾರೆ.

ಈಗ ಅಕ್ಕ ವಾರಕ್ಕೆ ಒಂದೇ ದಿನ ಮೆಥೋಟ್ರೆಕ್ಸೇಟ್ ತಗೊಳ್ಳುತ್ತಾಳೆ. ದಿನಾ ನುಂಗಿದರೆ ವಿಷವಾಗುವ ಮಾತ್ರೆ ಅದು. ಅದಕ್ಕೇ ಭಾವನವರು ಕ್ಯಾಲೆಂಡರ್‌ನಲ್ಲಿ ಆ ಒಂದು ದಿನಕ್ಕೆ ಮಾತ್ರ ಕೆಂಪು ಗುರುತು ಹಾಕಿ, ಡಬ್ಬಿ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದಾರೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಕಲಬುರಗಿಗೆ ಬರುತ್ತಾಳೆ. ಮುಖದ ಊತ ಇಳಿದಿದೆ, ಶುಗರ್ ಕೂಡ. ನಡಿಗೆ ಪುಡಿ ತಿನ್ನುತ್ತಿದ್ದಾಗಿನಷ್ಟು ಚುರುಕಿಲ್ಲ ಅಂತ ಬೇಜಾರಿದೆ. ಸೂಜಿ ನನಗೂ ಹಾಕಿಸು ಅಂದಳು. ಮೇಡಂ ಅವಳ ಫೈಲ್ ನೋಡಿ, ಕೀಲು ಊದಿರುವಾಗ ಬೇಡ, ಅವರ ಡಾಕ್ಟರು ಒಪ್ಪಿ ಬರೆದುಕೊಟ್ಟರೆ ಆಮೇಲೆ ನೋಡೋಣ ಅಂದರು.

ನನಗೆ ಸಾವ್ಕಾರ್ರು ಕೊನೆಗೂ ಮೇಜು, ಕುರ್ಚಿ ತರಿಸಿದರು. ಅರ್ಧ ಮನಸ್ಸಿನಿಂದ, ಆದರೂ ತರಿಸಿದರು. ದಿನಾ ಬೆಳಿಗ್ಗೆ ಟವೆಲ್ ಸುತ್ತಿ ಮೊಣಕಾಲಿನ ಕೆಳಗಿಟ್ಟು ಒತ್ತಿ ಹಿಡಿಯುತ್ತೇನೆ, ತಂಗಿಯ ಮಗಳು ಕಲಿಸಿದ್ದು. ತೂಕ ಸ್ವಲ್ಪ ಇಳಿದಿದೆ. ಸೂಜಿ ಹಾಕಿಸುವುದನ್ನು ಬಿಟ್ಟ ಮೇಲೆ ಎರಡು ತಿಂಗಳೊಳಗೆ ಅಂಕಿ ಮತ್ತೆ ಐದಕ್ಕೆ ಬಂತು. ಸೀಸನ್‌ನಲ್ಲಿ ಏರಿದರೆ ಮಾತ್ರ ಮೆಟ್ಟಿಲು ಹತ್ತಿ ಹೋಗಿ ಹಾಕಿಸಿಕೊಂಡು ಬರುತ್ತೇನೆ. ಎಕ್ಕಿ ಎಲೆ ಮನೆಯಲ್ಲಿ ಈಗಲೂ ನಡೆದಿದೆ, ಅದನ್ನು ನಿಲ್ಲಿಸುವ ಅಧಿಕಾರ ನನಗಿಲ್ಲ.

ಆ ಡೇರೆಯವನು ಸಂತೆಗೆ ಇನ್ನೂ ಬರುತ್ತಾನಂತೆ. ಅಕ್ಕನ ಪಕ್ಕದ ಮನೆಯ ಗಂಡ ಹೆಂಡತಿ ಇಬ್ಬರೂ ಅವನ ಪುಡಿಯನ್ನೇ ತಿನ್ನುತ್ತಾರೆ. ಅಕ್ಕ ತನ್ನ ಫೈಲ್ ತಗೊಂಡೇ ಹೋಗಿ ಹೇಳಿ ಬಂದಳು. ಕೇಳಿಸಿಕೊಂಡು, ಚಹಾ ಕೊಟ್ಟು, 'ನಿನಗ ಆಗಿ ಬರ್ಲಿಲ್ಲವ್ವಾ, ನಮಗ ಛಲೋ ಆಗ್ಯಾದ' ಅಂದರಂತೆ.